ಸೈಕಲ್ ಫ್ರೇಮಿನ ಭದ್ರತಾ ಗುರುತು ಕೆಟ್ಟಾಗ: ಮೊದಲು ದಾಖಲೆ, ಆಮೇಲೆ ಬಣ್ಣ

ಓದಲು ಅಥವಾ ಕೆಲಸಕ್ಕೆಂದು ಬ್ರಿಟನ್ನಿಗೆ ಬಂದು ಕೇಂಬ್ರಿಜ್, ಆಕ್ಸ್‌ಫರ್ಡ್, ಲಂಡನ್ ಮುಂತಾದ ಊರುಗಳಲ್ಲಿ ನೆಲೆಸುವ ಕನ್ನಡಿಗರಲ್ಲಿ ಅನೇಕರು ಬಂದ ಸ್ವಲ್ಪ ದಿನಕ್ಕೇ ಒಂದು ಸೈಕಲ್ ಕೊಳ್ಳುತ್ತಾರೆ. ಕೊಂಡ ಬೆನ್ನಿಗೇ ಫ್ರೇಮಿಗೆ ಭದ್ರತಾ ಗುರುತು ಹಾಕಿಸಿಬಿಡಿ ಎಂಬ ಸಲಹೆಯೂ ಸಿಗುತ್ತದೆ. ಸಲಹೆಯೇನೋ ಒಳ್ಳೆಯದೇ. ಆದರೆ ಗುರುತು ಹಾಕುವ ಕೆಲಸ ಬಹುಮಟ್ಟಿಗೆ ನಡೆಯುವುದು ಕಾಲೇಜಿನ ಅಂಗಳದಲ್ಲಿ ಅಥವಾ ರೈಲು ನಿಲ್ದಾಣದ ಮುಂದೆ, ಗಾಳಿಗೂ ತುಂತುರು ಮಳೆಗೂ ಒಡ್ಡಿಕೊಂಡು, ಹಿಂದೆ ಜನ ಸಾಲುಗಟ್ಟಿ ನಿಂತಿರುವಾಗ. ಇಲ್ಲವೇ ಮನೆಗೆ ಕಿಟ್ ತರಿಸಿಕೊಂಡು, ಮೊದಲ ಸಲ ಸ್ಟೆನ್ಸಿಲ್, ಅಂದರೆ ಅಕ್ಷರಗಳನ್ನು ಕತ್ತರಿಸಿದ ಹಾಳೆ, ಹಿಡಿದವರ ಕೈಯಲ್ಲಿ. ಮಸಿ ಹರಡಿದ, ಓರೆಯಾದ, ಅಕ್ಷರ ಅರ್ಧಕ್ಕೆ ನಿಂತ, ಬಣ್ಣ ಕಿತ್ತುಬಂದ ಗುರುತುಗಳು ಅಪರೂಪವಲ್ಲದಿರುವುದಕ್ಕೆ ಇದೇ ಕಾರಣ. ಅಂಥ ಗುರುತನ್ನು ಹಾಗೆಯೇ ಬಿಡಬೇಕೇ, ತಿದ್ದಬೇಕೇ, ತೆಗೆಯಬೇಕೇ, ತೆಗೆಯುವುದಾದರೆ ಫ್ರೇಮಿಗೆ ಹಾನಿಯಾಗದಂತೆ ಹೇಗೆ ತೆಗೆಯಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಭದ್ರತಾ ಗುರುತಿಗೆ ಎರಡು ಭಾಗಗಳಿವೆ. ಒಂದು ಫ್ರೇಮಿನ ಮೇಲಿರುವ ಕೋಡ್. ಇನ್ನೊಂದು, ಆ ಕೋಡನ್ನು ನಿಮ್ಮ ಹೆಸರಿಗೆ ಕಟ್ಟಿಹಾಕುವ ದಾಖಲೆ. ಬ್ರಿಟನ್ನಿನಲ್ಲಿ ಈ ದಾಖಲೆಯನ್ನು ಹೆಚ್ಚಾಗಿ ಬೈಕ್‌ರಿಜಿಸ್ಟರ್ ಎಂಬ ರಾಷ್ಟ್ರಮಟ್ಟದ ಸೈಕಲ್ ನೋಂದಣಿ ವ್ಯವಸ್ಥೆ ಇಟ್ಟುಕೊಳ್ಳುತ್ತದೆ. ಕದ್ದ ಸೈಕಲ್ ಸಿಕ್ಕಾಗ ಪೊಲೀಸರು ಹುಡುಕುವುದೂ ಅದರಲ್ಲಿಯೇ. ಅಲ್ಲಿ ಸೈಕಲ್ ನೋಂದಾಯಿಸಲು ಹಣ ಕೊಡಬೇಕಾಗಿಲ್ಲ. ಗುರುತು ಹಾಕುವ ಕಿಟ್‌ಗೆ ಮಾತ್ರ ಬೆಲೆಯಿದೆ, ಪೊಲೀಸರು ನಡೆಸುವ ಶಿಬಿರಗಳಲ್ಲಿ ಬಹಳ ಸಲ ಅದೂ ಉಚಿತ. ಗುರುತು ಕೆಟ್ಟಿತೆಂದು ಬೇಸರಪಡುವವರು ಸಾಮಾನ್ಯವಾಗಿ ಮೊದಲ ಭಾಗವನ್ನು ಮಾತ್ರ ನೋಡುತ್ತಾರೆ, ನೋಡಿದವರೇ ಸ್ಪಿರಿಟ್ಟು, ಉಪ್ಪುಕಾಗದ ಹುಡುಕತೊಡಗುತ್ತಾರೆ. ದಾಖಲೆಯನ್ನು ಎಷ್ಟು ಸಲ ಬೇಕಾದರೂ ತಿದ್ದಬಹುದು, ಉಜ್ಜಿ ತೆಗೆದ ಬಣ್ಣವಾಗಲಿ ಲೋಹವಾಗಲಿ ಮರಳಿ ಬರುವುದಿಲ್ಲ. ಆದ್ದರಿಂದ ಕೆಲಸದ ಕ್ರಮ ಯಾವಾಗಲೂ ದಾಖಲೆಯಿಂದ ಫ್ರೇಮಿನ ಕಡೆಗೆ ಇರಬೇಕೇ ಹೊರತು ಅದಕ್ಕೆ ತಿರುಗುಮುರುಗಾಗಿ ಅಲ್ಲ.

ಏನು ಕೆಟ್ಟಿದೆ ಎಂದು ಮೊದಲು ನೋಡಿ

ಕೈಹಾಕುವ ಮುನ್ನ ಫೋಟೊ ತೆಗೆದುಕೊಳ್ಳಿ. ಗುರುತಿನ ಹತ್ತಿರದ ಚಿತ್ರ ಒಂದು, ಗುರುತು ಫ್ರೇಮಿನ ಯಾವ ಭಾಗದಲ್ಲಿದೆ ಎಂದು ತಿಳಿಯುವಂತೆ ದೂರದ ಚಿತ್ರ ಒಂದು, ಮತ್ತು ತಯಾರಕರೇ ಅಚ್ಚೊತ್ತಿದ ಫ್ರೇಮ್ ಸಂಖ್ಯೆಯ ಚಿತ್ರ ಒಂದು ಇರಲಿ. ಬಹುತೇಕ ಸೈಕಲ್ಲುಗಳಲ್ಲಿ ಈ ಸಂಖ್ಯೆ ಪೆಡಲುಗಳ ನಡುವಿನ ಬಾಟಮ್ ಬ್ರ್ಯಾಕೆಟ್ಟಿನ ಅಡಿಭಾಗದಲ್ಲಿರುತ್ತದೆ; ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಅಲ್ಲಿ ಮೆತ್ತಿಕೊಂಡಿರುವ ಕೊಳೆ ಮತ್ತು ಗ್ರೀಸನ್ನು ಒರೆಸಿದರೆ ಕಾಣುತ್ತದೆ. ಕೆಲವು ಫ್ರೇಮುಗಳಲ್ಲಿ ಅದು ಹ್ಯಾಂಡಲ್ಲಿನ ಕೆಳಗಿನ ಹೆಡ್ ಟ್ಯೂಬಿನ ಮೇಲೋ, ಹಿಂದಿನ ಚಕ್ರದ ಅಚ್ಚು ಕೂರುವ ಜಾಗದ ಬಳಿಯೋ ಇರುತ್ತದೆ. ಈ ಸಂಖ್ಯೆ ಸ್ಪಷ್ಟವಾಗಿದ್ದು ದಾಖಲೆಯಲ್ಲಿ ಸರಿಯಾಗಿ ನಮೂದಾಗಿದ್ದರೆ, ಮೇಲೆ ಹಾಕಿದ ಭದ್ರತಾ ಗುರುತು ಎಷ್ಟೇ ಕೆಟ್ಟಿದ್ದರೂ ನಿಮ್ಮ ಸೈಕಲ್ ಅನಾಥವಾಗಿಲ್ಲ ಎಂದು ಧೈರ್ಯವಾಗಿರಬಹುದು.

ಬಳಿಕ ಗುರುತು ಯಾವ ಬಗೆಯದೆಂದು ತಿಳಿದುಕೊಳ್ಳಬೇಕು. ಉಗುರಿನ ತುದಿಯನ್ನು ಅದರ ಮೇಲೆ ಅಡ್ಡಲಾಗಿ ಮೆಲ್ಲನೆ ಎಳೆದು ನೋಡಿ. ಅಂಚಿನಲ್ಲಿ ಉಗುರು ಮೇಲೇರಿದರೆ ಅದು ಸ್ಟಿಕ್ಕರ್. ಕೆಳಗಿಳಿದು ಸಿಕ್ಕಿಕೊಂಡರೆ ಕೊರೆದದ್ದು ಅಥವಾ ಪಂಚಿನಿಂದ, ಅಂದರೆ ಸುತ್ತಿಗೆಯಿಂದ ಹೊಡೆಯುವ ಅಕ್ಷರದ ಅಚ್ಚಿನಿಂದ, ಗುದ್ದಿದ್ದು. ಎರಡೂ ಆಗದೆ ಜಾರಿಹೋದರೆ ಸ್ಟೆನ್ಸಿಲ್ ಮೂಲಕ ಹಚ್ಚಿದ ಮಸಿ ಅಥವಾ ಬಣ್ಣದೊಳಕ್ಕೆ ಇಳಿಯುವ ರಾಸಾಯನಿಕ. ಕಣ್ಣಿಗೆ ಏನೂ ಕಾಣದಿದ್ದು, ಗುರುತು ಹಾಕಿಸಿದ್ದು ಮಾತ್ರ ಖಚಿತವೆಂದಾದರೆ, ಕತ್ತಲೆಯಲ್ಲಿ ನೇರಳಾತೀತ ಟಾರ್ಚ್ ಹಾಯಿಸಿ ನೋಡಬೇಕು. ಕೆಲವು ಗುರುತುಗಳು ಆ ಬೆಳಕಿನಲ್ಲಿ ಮಾತ್ರ ಹೊಳೆಯುತ್ತವೆ, ಮತ್ತು ಅವನ್ನು ಅಳಿಸುವ ಅಗತ್ಯ ಯಾರಿಗೂ ಬರುವುದಿಲ್ಲ.

ಓದಲಾಗದ ಕೋಡನ್ನು ಓದುವುದಕ್ಕೂ ಕೆಲವು ಉಪಾಯಗಳಿವೆ. ಮೊಬೈಲಿನ ಟಾರ್ಚನ್ನು ಎದುರಿನಿಂದ ಹಿಡಿಯದೆ, ಕೊಳವೆಗೆ ಒರಗಿಸಿದಂತೆ ಪಕ್ಕದಿಂದ ಹಿಡಿದರೆ ಗುದ್ದಿದ ಅಕ್ಷರಗಳ ಅಂಚಿಗೆ ನೆರಳು ಬಿದ್ದು ಅವು ಎದ್ದು ಕಾಣುತ್ತವೆ. ತೆಳುವಾದ ಕಾಗದವನ್ನು ಮೇಲಿಟ್ಟು ಮೆತ್ತನೆಯ ಪೆನ್ಸಿಲಿನಿಂದ ಓರೆಯಾಗಿ ತಿಕ್ಕಿದರೆ ಅಕ್ಷರಗಳು ಕಾಗದದಲ್ಲಿ ಬಿಳಿಯಾಗಿ ಮೂಡುತ್ತವೆ. ಬಣ್ಣ ತುಂಬಿಕೊಂಡ ಹಳೆಯ ಸಂಖ್ಯೆಗಳಿಗೆ ಇದಕ್ಕಿಂತ ಒಳ್ಳೆಯ ವಿಧಾನವಿಲ್ಲ. ಕಡುಬಣ್ಣದ ಫ್ರೇಮಿನಲ್ಲಿ ಕೊರೆದ ಗೆರೆಗಳಿಗೆ ಟಾಲ್ಕಂ ಪೌಡರ್ ತುಂಬಿ ಮೇಲ್ಭಾಗವನ್ನು ಒರೆಸಿದರೂ ಸಾಕು.

ಮಸಿ ಹರಡಿದ ಸ್ಟೆನ್ಸಿಲ್ ಗುರುತಿನಲ್ಲಿ ಕಷ್ಟ ಬೇರೆ ಬಗೆಯದು. ಅಲ್ಲಿ ಅಕ್ಷರ ಮಾಯವಾಗಿರುವುದಿಲ್ಲ, ಬೇರೆ ಅಕ್ಷರದಂತೆ ಕಾಣುತ್ತಿರುತ್ತದೆ. ಇಂಗ್ಲಿಷಿನ ಬಿ ಅಕ್ಷರದ ಎರಡು ಹೊಟ್ಟೆಗಳಲ್ಲಿ ಮಸಿ ತುಂಬಿಕೊಂಡು ಎಡಗಡೆಯ ನೇರ ಗೆರೆ ಸ್ವಲ್ಪ ಉಬ್ಬಿದರೆ ಅದು ಎಂಟು ಆಗಿಬಿಡುತ್ತದೆ. ಆರರ ಬಾಲ ಮೇಲಿನ ತುದಿಯಲ್ಲಿ ಮುಚ್ಚಿಕೊಂಡರೂ ಎಂಟೇ. ಎಸ್ ಮತ್ತು ಐದು, ಐ ಮತ್ತು ಒಂದು, ಓ ಮತ್ತು ಸೊನ್ನೆ, ಜಿ ಮತ್ತು ಆರು, ಇವೆಲ್ಲ ಇದೇ ಜಾತಿಯ ಜೋಡಿಗಳು. ಗಮನಿಸಬೇಕಾದ ಸಂಗತಿಯೆಂದರೆ, ಸ್ಟೆನ್ಸಿಲ್ಲಿನಲ್ಲಿ ಮಸಿ ಹರಡುವುದು ಕೊಳವೆಯ ಬಾಗಿದ ಬದಿಯ ಕಡೆಗೇ ಹೆಚ್ಚು, ಏಕೆಂದರೆ ಹಾಳೆ ಎದ್ದು ನಿಲ್ಲುವುದು ಅಲ್ಲಿಯೇ. ಹೀಗಾಗಿ ಅಕ್ಷರದ ಯಾವ ಅಂಚು ಚೂಪಾಗಿ ಉಳಿದಿದೆಯೋ ಆ ಅಂಚನ್ನು ನಂಬಿ, ಮಬ್ಬಾದ ಅಂಚನ್ನು ನಂಬಬೇಡಿ. ಕಿಟ್‌ನ ಜೊತೆ ಬಂದ ಕಾಗದದಲ್ಲಿ ಅಥವಾ ನೋಂದಣಿಯ ಇಮೇಲಿನಲ್ಲಿ ಪೂರ್ತಿ ಕೋಡ್ ಇದ್ದೇ ಇರುತ್ತದೆ; ಅದನ್ನು ಮುಂದಿಟ್ಟುಕೊಂಡು ಒಂದೊಂದೇ ಅಕ್ಷರ ತಾಳೆ ನೋಡುವುದು ಊಹೆಗಿಂತ ಮೇಲು.

ದಾಖಲೆಯನ್ನು ಸರಿಪಡಿಸುವ ಹಂತ

ನಿಮ್ಮ ಖಾತೆಗೆ ಹೋಗಿ ಮೂರು ವಿಷಯಗಳನ್ನು ಪರಿಶೀಲಿಸಿ. ಫ್ರೇಮ್ ಸಂಖ್ಯೆ ಒಂದಕ್ಷರವೂ ತಪ್ಪಿಲ್ಲದೆ ಇದೆಯೇ, ಭದ್ರತಾ ಕೋಡ್ ಈ ಸೈಕಲ್ಲಿಗೇ ಜೋಡಣೆಯಾಗಿದೆಯೇ, ಫೋಟೊಗಳು ಇವೆಯೇ. ಎರಡನೆಯದರಲ್ಲಿ ಎಡವುವವರು ಹೆಚ್ಚು. ಗಂಡಹೆಂಡತಿ ಇಬ್ಬರಿಗೂ ಒಟ್ಟಿಗೆ ಎರಡು ಕಿಟ್ ತರಿಸಿ, ಒಂದರ ಸ್ಟೆನ್ಸಿಲ್ ಇನ್ನೊಂದರ ಸೈಕಲ್ಲಿಗೆ ಅಂಟಿಸಿಬಿಡುವುದು ಬಹಳ ಸುಲಭ. ಇಂಥ ಅದಲುಬದಲಿಗೆ ಫ್ರೇಮನ್ನು ಮುಟ್ಟುವ ಅಗತ್ಯವೇ ಇಲ್ಲ. ದಾಖಲೆಯಲ್ಲಿ ಎರಡು ಕೋಡುಗಳನ್ನು ಅದಲುಬದಲು ಮಾಡಿಸಿದರೆ ಕೆಲಸ ಮುಗಿಯಿತು. ಖಾತೆಯಲ್ಲಿ ನೀವೇ ಬದಲಿಸಲು ಆಗದಿದ್ದರೆ, ಎರಡೂ ಸೈಕಲ್ಲುಗಳ ಫ್ರೇಮ್ ಸಂಖ್ಯೆ ಮತ್ತು ಗುರುತಿನ ಫೋಟೊ ಲಗತ್ತಿಸಿ ನೋಂದಣಿ ಸಂಸ್ಥೆಗೆ ಇಮೇಲ್ ಬರೆಯಬೇಕು.

ಕೋಡಿನ ಒಂದೋ ಎರಡೋ ಅಕ್ಷರ ಓದಲಾಗದಿದ್ದರೆ ಅದನ್ನೂ ದಾಖಲೆಯ ಟಿಪ್ಪಣಿಯಲ್ಲಿ ಬರೆಯಿರಿ. ‘ಸೀಟಿನ ಕೆಳಗಿನ ಕೊಳವೆಯಾದ ಸೀಟ್ ಟ್ಯೂಬಿನ ಎಡಬದಿಯ ಗುರುತಿನಲ್ಲಿ ಕೊನೆಯ ಎರಡು ಅಂಕಿಗಳು ಮಸಿ ಹರಡಿ ಒಂದಾಗಿವೆ’ ಎಂಬಂಥ ಒಂದು ವಾಕ್ಯ, ಜೊತೆಗೆ ಅದರ ಚಿತ್ರ, ಇಷ್ಟಿದ್ದರೆ ಆ ಕಲೆಯೇ ನಿಮ್ಮ ಸೈಕಲ್ಲಿನ ವಿಶೇಷ ಗುರುತಾಗುತ್ತದೆ. ಅಂಗಡಿಯಿಂದ ಬಂದ ನೂರು ಸೈಕಲ್ಲುಗಳು ಒಂದೇ ತರಹ ಇರಬಹುದು, ಆದರೆ ಅದೇ ಜಾಗದಲ್ಲಿ ಅದೇ ಆಕಾರದ ಕಲೆ ಇನ್ನೊಂದರಲ್ಲಿ ಇರುವುದಿಲ್ಲ. ಆದ್ದರಿಂದಲೇ, ನೋಡಲು ಚೆನ್ನಾಗಿಲ್ಲ ಎಂಬ ಒಂದೇ ಕಾರಣಕ್ಕೆ ಗುರುತನ್ನು ಅಳಿಸುವುದು ನನ್ನ ದೃಷ್ಟಿಯಲ್ಲಿ ಬುದ್ಧಿವಂತಿಕೆಯಲ್ಲ. ಅಳಿಸಿದ ಜಾಗದ ಮಂಕು ತೇಪೆ ಕೆಟ್ಟ ಗುರುತಿಗಿಂತ ಹೆಚ್ಚು ಅನುಮಾನ ಹುಟ್ಟಿಸುತ್ತದೆ. ಮುಂದೆ ಸೈಕಲ್ ಮಾರುವಾಗ ಕೊಳ್ಳುವವರು ಮೊದಲು ಕೇಳುವುದೇ ಆ ತೇಪೆಯ ಬಗ್ಗೆ.

ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕು. ತಯಾರಕರ ಫ್ರೇಮ್ ಸಂಖ್ಯೆಯನ್ನು ಯಾವ ಕಾರಣಕ್ಕೂ ಉಜ್ಜಬಾರದು, ತುಂಬಬಾರದು, ಅದರ ಮೇಲೆ ಬೇರೆ ಕೋಡ್ ಗುದ್ದಿಸಬಾರದು. ಫ್ರೇಮ್ ಸಂಖ್ಯೆ ಇಲ್ಲದ ಸೈಕಲ್ ಕದ್ದ ಮಾಲೆಂದೇ ಬ್ರಿಟನ್ನಿನಲ್ಲಿ ಎಲ್ಲರೂ ಮೊದಲು ಅಂದಾಜಿಸುತ್ತಾರೆ. ಅದೂ ಅಲ್ಲದೆ, ಪಂಚಿನಿಂದ ಗುದ್ದಿದಾಗ ಅಕ್ಷರದ ಅಡಿಯ ಲೋಹವೂ ಒತ್ತಡಕ್ಕೊಳಗಾಗಿರುವುದರಿಂದ, ಮೇಲ್ಮೈಯನ್ನು ಸವೆಸಿದ ಮೇಲೂ ವಿಧಿವಿಜ್ಞಾನ ಪ್ರಯೋಗಾಲಯದವರು ಆಮ್ಲ ಹಚ್ಚಿ ಎಷ್ಟೋ ಸಲ ಆ ಸಂಖ್ಯೆಯನ್ನು ಮತ್ತೆ ಮೂಡಿಸಬಲ್ಲರು.

ಸ್ಟೆನ್ಸಿಲ್ ಗುರುತನ್ನು ತಿದ್ದುವುದು

ಗುರುತು ಹಾಕಿ ಇನ್ನೂ ಒಣಗಿಲ್ಲದಿದ್ದರೆ ಮಾತ್ರ ಅವಸರಕ್ಕೆ ಅರ್ಥವಿದೆ. ಕಿಟ್‌ನಲ್ಲಿ ಬಂದ ಒದ್ದೆ ಒರೆಸುವ ಕಾಗದ, ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಮೆತ್ತನೆಯ ಬಟ್ಟೆಯಿಂದ ಹೊರಗಿನಿಂದ ಒಳಕ್ಕೆ ಒರೆಸಿ. ಒಳಗಿನಿಂದ ಹೊರಕ್ಕೆ ಒರೆಸಿದರೆ ಕಲೆ ಇನ್ನಷ್ಟು ಅಗಲವಾಗುತ್ತದೆ. ಬಟ್ಟೆಯ ಶುದ್ಧವಾದ ಭಾಗವನ್ನು ಪ್ರತಿ ಸಲವೂ ತಿರುಗಿಸಿಕೊಳ್ಳಬೇಕು. ಬಣ್ಣದೊಳಗೆ ಇಳಿಯುವ ರಾಸಾಯನಿಕದ ಕಿಟ್ ಆಗಿದ್ದರೆ ಕೈಗವಸು ಹಾಕಿಕೊಳ್ಳಿ, ಮತ್ತು ಅದರ ಸೂಚನಾ ಹಾಳೆಯಲ್ಲಿ ಏನು ಹೇಳಿದೆಯೋ ಅದನ್ನೇ ಪಾಲಿಸಿ.

ಒಣಗಿದ ಮೇಲೆ ಲೆಕ್ಕ ಬೇರೆ. ಆಗ ಅದು ಮೇಲಿನ ಪಾರದರ್ಶಕ ಲ್ಯಾಕರಿನ ಪದರದಲ್ಲಿ ಕುಳಿತಿರುತ್ತದೆ, ಮತ್ತು ಆ ಪದರ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತಲೂ ತೆಳು. ನೇಲ್ ಪಾಲಿಶ್ ತೆಗೆಯುವ ದ್ರವ, ಅಂದರೆ ಅಸಿಟೋನ್, ಹಾಕಿ ತಿಕ್ಕುವುದು ಬಹಳ ಜನರಿಗೆ ಮೊದಲು ಹೊಳೆಯುವ ಉಪಾಯ. ಅದು ಮಸಿಗಿಂತ ಮೊದಲು ನಿಮ್ಮ ಫ್ರೇಮಿನ ಬಣ್ಣವನ್ನೂ ಕಂಪನಿಯ ಅಕ್ಷರಗಳನ್ನೂ ಕರಗಿಸಬಹುದು. ಮೊದಲು ಐಸೊಪ್ರೊಪೈಲ್ ಆಲ್ಕೊಹಾಲನ್ನೇ, ಅದೂ ಬಾಟಮ್ ಬ್ರ್ಯಾಕೆಟ್ಟಿನ ಅಡಿಯಂಥ ಕಾಣದ ಜಾಗದಲ್ಲಿ ಪ್ರಯೋಗ ಮಾಡಿ ನೋಡಿ. ಬಟ್ಟೆಗೆ ಫ್ರೇಮಿನ ಬಣ್ಣ ಅಂಟಿಕೊಂಡರೆ ಅಲ್ಲಿಗೇ ನಿಲ್ಲಿಸಿ.

ಆಲ್ಕೊಹಾಲಿಗೆ ಬಗ್ಗದ ಕಲೆಯ ಸುತ್ತಲಿನ ಹರಡಿದ ಭಾಗವನ್ನು, ಕಾರಿನ ಗೀರು ತೆಗೆಯಲು ಬಳಸುವ ನಯವಾದ ಪಾಲಿಶ್ ಪೇಸ್ಟಿನಿಂದ ಬೆರಳಿಗೆ ಸುತ್ತಿದ ಬಟ್ಟೆಯಲ್ಲಿ ಸಣ್ಣ ಸಣ್ಣ ಸುತ್ತುಗಳಾಗಿ ಉಜ್ಜಬಹುದು. ಅದೂ ಸಾಲದಿದ್ದರೆ 2000 ಅಥವಾ 3000 ಗ್ರಿಟ್ಟಿನ ನೀರುಕಾಗದವನ್ನು, ಅಂದರೆ ಒದ್ದೆಯಾಗಿ ಬಳಸುವ ಬಹಳ ನಯವಾದ ಉಪ್ಪುಕಾಗದವನ್ನು, ಸಾಬೂನು ನೀರಿನಲ್ಲಿ ಅದ್ದಿ, ಸುತ್ತಲೂ ಟೇಪ್ ಅಂಟಿಸಿ, ನಾಲ್ಕಾರು ಸಲ ಹಗುರವಾಗಿ ಎಳೆದು, ಒರೆಸಿ ನೋಡಿ, ಮತ್ತೆ ಎಳೆಯಬೇಕು. ಕಾಗದದಿಂದ ಬರುವ ನೀರು ಹಾಲಿನಂತೆ ಬಿಳಿಯಾಗಿದ್ದರೆ ನೀವು ಇನ್ನೂ ಲ್ಯಾಕರಿನಲ್ಲಿದ್ದೀರಿ. ಅದಕ್ಕೆ ಫ್ರೇಮಿನ ಬಣ್ಣ ಬಂದ ಗಳಿಗೆಯಲ್ಲೇ ಕೈ ತೆಗೆಯಬೇಕು. ಪೂರ್ತಿ ಅಳಿಸುವ ಹಟ ಬೇಡ. ಅಕ್ಷರಗಳ ನಡುವಿನ ಮಬ್ಬು ಹೋಗಿ ಕೋಡ್ ಓದುವಂತಾದರೆ ನಿಮ್ಮ ಉದ್ದೇಶ ಈಡೇರಿತು. ಪಾಲಿಶ್ ಆಗಲಿ, ಸ್ಪ್ರೇ ಆಗಲಿ ಡಿಸ್ಕ್ ಬ್ರೇಕಿನ ತಟ್ಟೆಗೆ ತಾಗದಂತೆ ಚಕ್ರಗಳನ್ನು ಮೊದಲೇ ಬಿಚ್ಚಿಡುವುದು ಕ್ಷೇಮ, ಏಕೆಂದರೆ ಒಮ್ಮೆ ಜಿಡ್ಡು ಹಿಡಿದ ಬ್ರೇಕ್ ಪ್ಯಾಡುಗಳನ್ನು ಸರಿಮಾಡುವುದಕ್ಕಿಂತ ಬದಲಿಸುವುದೇ ಸುಲಭ.

ಕೆಟ್ಟ ಅಕ್ಷರವನ್ನು ಪೆನ್ನಿನಿಂದ ತಿದ್ದಿ ಬರೆಯುವ ಆಸೆಯನ್ನು ತಡೆದುಕೊಳ್ಳಿ. ಕೈಯಿಂದ ತಿದ್ದಿದ ಕೋಡ್ ನೋಡಿದವರಿಗೆ ತಿರುಚಿದ ಕೋಡಿನಂತೆಯೇ ಕಾಣುತ್ತದೆ.

ಸ್ಟಿಕ್ಕರಿನ ವಿಷಯ ಚಿಕ್ಕದು. ಗುಳ್ಳೆ ಬಂದಿದ್ದರೆ ಸೂಜಿಯ ಮೊನೆಯಿಂದ ಒಂದು ರಂಧ್ರ ಮಾಡಿ ಒತ್ತಿದರೆ ಸಾಕು. ತೆಗೆಯಲೇಬೇಕಿದ್ದರೆ ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ, ಹಲ್ಲುಸಂದಿ ಶುಚಿ ಮಾಡುವ ದಾರವನ್ನು ಅಡಿಯಲ್ಲಿ ಗರಗಸದಂತೆ ಆಡಿಸಿ. ಉಳಿದ ಅಂಟನ್ನು ಆಲ್ಕೊಹಾಲಿನಿಂದ ಒರೆಸಿ. ಭದ್ರತಾ ಸ್ಟಿಕ್ಕರುಗಳು ಕೀಳುವಾಗ ಚೂರುಚೂರಾಗುವಂತೆಯೇ ಮಾಡಿರುತ್ತವೆ, ಆದ್ದರಿಂದ ಇಡಿಯಾಗಿ ತೆಗೆದು ಬೇರೆ ಕಡೆ ಅಂಟಿಸುವ ಯೋಚನೆ ಫಲಿಸುವುದಿಲ್ಲ.

ಕೊರೆದ ಮತ್ತು ಗುದ್ದಿದ ಗುರುತು

ನಮ್ಮಲ್ಲಿ ಮದುವೆಗೆ ಕೊಡುವ ಸ್ಟೀಲ್ ಪಾತ್ರೆಯ ಮೇಲೆ ಹೆಸರು ಕೊರೆಯಲು ಪಾತ್ರೆ ಅಂಗಡಿಯವರು ಬಳಸುವ, ಗುರ್ರೆಂದು ನಡುಗುವ ಪೆನ್ನು ಇದೆಯಲ್ಲ, ಅದೇ ಬಗೆಯ ಸಲಕರಣೆಯನ್ನು ಇಲ್ಲಿಯೂ ಕೆಲವರು ಫ್ರೇಮಿನ ಮೇಲೆ ಓಡಿಸುತ್ತಾರೆ. ಪಾತ್ರೆ ಭಾರ ಹೊರುವುದಿಲ್ಲ, ಫ್ರೇಮ್ ಹೊರುತ್ತದೆ. ತೊಂದರೆ ಇರುವುದು ಇಲ್ಲಿಯೇ. ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಕಂಪನಿಯವರು 1897ರಲ್ಲಿ ಪೇಟೆಂಟ್ ಪಡೆದ ವಿಧಾನದಂತೆ, ಒಳ್ಳೆಯ ಉಕ್ಕಿನ ಕೊಳವೆಗಳು ಎರಡು ತುದಿಗಳಲ್ಲಿ ದಪ್ಪವಾಗಿಯೂ ನಡುವೆ ತೆಳುವಾಗಿಯೂ ಇರುತ್ತವೆ. ತುದಿಯಲ್ಲಿ 0.8 ಮಿ.ಮೀ. ಇರುವ ಕೊಳವೆ ನಡುವೆ 0.5 ಮಿ.ಮೀ.ಗೆ ಇಳಿದಿರುವುದು ಸಾಮಾನ್ಯ. ಅಂಥ ನಡುಭಾಗದಲ್ಲಿ ಆಳವಾಗಿ ಕೊರೆದರೆ ಅಥವಾ ಸುತ್ತಿಗೆಯಿಂದ ಅಕ್ಷರ ಗುದ್ದಿದರೆ ಏನಾಗುತ್ತದೆಂದು ಈ ಅಂಕಿಗಳೇ ಹೇಳುತ್ತವೆ. ಅಲ್ಯೂಮಿನಿಯಂ ಕೊಳವೆ ಸ್ವಲ್ಪ ದಪ್ಪವಾಗಿದ್ದರೂ, ಆ ಲೋಹಕ್ಕೆ ದಣಿವು ಬೇಗ. ಪದೇ ಪದೇ ಬೀಳುವ ಚಿಕ್ಕ ಹೊರೆಯೂ ಚೂಪಾದ ಗೀರಿನ ತಳದಲ್ಲಿ ಸೇರಿಕೊಂಡು ಕಾಲಕ್ರಮದಲ್ಲಿ ಬಿರುಕಾಗಬಹುದು.

ಮೊದಲು ಆಳವನ್ನು ಅಂದಾಜು ಮಾಡಿ. ಗೀರಿನಲ್ಲಿ ಬಣ್ಣ ಅಥವಾ ಪ್ರೈಮರ್ ಮಾತ್ರ ಹೋಗಿದೆಯೇ, ಬರಿಯ ಲೋಹ ಕಾಣುತ್ತಿದೆಯೇ, ಲೋಹವೇ ಕೊರೆದುಹೋಗಿ ಉಗುರು ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತಿದೆಯೇ? ಮೊದಲೆರಡು ಬರಿಯ ಬಣ್ಣದ ಕೆಲಸ. ಮೂರನೆಯದರಲ್ಲಿ ಗೀರು ಎಲ್ಲಿದೆ ಎಂಬುದು ಮುಖ್ಯ. ಬಾಟಮ್ ಬ್ರ್ಯಾಕೆಟ್ಟಿನ ಕವಚ ದಪ್ಪ ಲೋಹದ್ದು, ಅಲ್ಲಿನ ಅಕ್ಷರಗಳು ಓರೆಯಾಗಿದ್ದರೂ ಚಿಂತೆಯಿಲ್ಲ. ಹೆಡ್ ಟ್ಯೂಬಿನಿಂದ ಬಾಟಮ್ ಬ್ರ್ಯಾಕೆಟ್ಟಿಗೆ ಇಳಿಯುವ ಡೌನ್ ಟ್ಯೂಬಿನ ಕೆಳಮೈ, ಅದರಲ್ಲೂ ಹೆಡ್ ಟ್ಯೂಬಿಗೆ ಬೆಸೆದ ಜಾಗದ ಸಮೀಪ, ಕೊಳವೆಗೆ ಅಡ್ಡಲಾಗಿ ಬಿದ್ದ ಆಳದ ಗೀರು ಇದ್ದರೆ ಅದನ್ನು ಫ್ರೇಮ್ ಕಟ್ಟುವ ಅಥವಾ ದುರಸ್ತಿ ಮಾಡುವ ಅನುಭವಿಗಳಿಗೆ ತೋರಿಸುವವರೆಗೆ ಓಡಿಸಬೇಡಿ. ಕೊಳವೆಯ ಉದ್ದಕ್ಕೆ ಓಡುವ ಗೀರು ಅಡ್ಡ ಗೀರಿನಷ್ಟು ಅಪಾಯಕಾರಿಯಲ್ಲ. ಪಂಚಿನ ಪೆಟ್ಟಿಗೆ ಕೊಳವೆ ನಗ್ಗಿದ್ದರೂ ಇದೇ ಮಾತು ಅನ್ವಯಿಸುತ್ತದೆ. ನಗ್ಗನ್ನು ಪುಟ್ಟಿ ತುಂಬಿ ಮುಚ್ಚಿದರೆ ಮುಂದೆ ಬರುವ ಬಿರುಕನ್ನು ಕಾಣದಂತೆ ಮಾಡಿದ ಹಾಗಾಗುತ್ತದೆ, ಅಷ್ಟೇ.

ಬಣ್ಣದ ಕೆಲಸದಲ್ಲಿ ಉಕ್ಕಿಗೂ ಅಲ್ಯೂಮಿನಿಯಮ್ಮಿಗೂ ವ್ಯತ್ಯಾಸವಿದೆ. ಬ್ರಿಟನ್ನಿನಲ್ಲಿ ಚಳಿಗಾಲದ ರಸ್ತೆಗಳಿಗೆ ಹಿಮಗಟ್ಟದಂತೆ ಉಪ್ಪು ಚೆಲ್ಲುತ್ತಾರೆ, ಆ ಉಪ್ಪುನೀರು ಸಿಡಿದು ಮೊದಲು ಹಿಡಿಯುವುದೇ ಇಂಥ ಗೀರುಗಳನ್ನು. ಉಕ್ಕಿನಲ್ಲಿ ಕೆಂಪು ತುಕ್ಕು ಬಣ್ಣದ ಅಡಿಯಲ್ಲಿ ಹರಿದುಕೊಂಡು ಹೋಗಿ ಕೋಡನ್ನೇ ನುಂಗುತ್ತದೆ. ಅಲ್ಯೂಮಿನಿಯಮ್ಮಿನಲ್ಲಿ ಬಿಳಿಯ ಪುಡಿಯೆದ್ದು ಬಣ್ಣ ಗುಳ್ಳೆಗಟ್ಟುತ್ತದೆ. ಆಲ್ಕೊಹಾಲಿನಿಂದ ಜಿಡ್ಡು ತೆಗೆದು, ತುಕ್ಕಿದ್ದರೆ ಸಣ್ಣ ತುಂಡು ಉಪ್ಪುಕಾಗದದಿಂದ ಗೀರಿನೊಳಗೆ ಮಾತ್ರ ಉಜ್ಜಿ, ಉಕ್ಕಾದರೆ ಹಲ್ಲುಕಡ್ಡಿಯ ತುದಿಯಿಂದ ಪ್ರೈಮರ್ ಇಟ್ಟು, ಒಣಗಿದ ಮೇಲೆ ಬಣ್ಣ, ಅದರ ಮೇಲೆ ಪಾರದರ್ಶಕ ಲ್ಯಾಕರ್ ಹಚ್ಚಬೇಕು. ಬಣ್ಣ ಹೊಂದುವ ನೇಲ್ ಪಾಲಿಶ್ ಸಿಕ್ಕರೆ ಅದೂ ನಡೆಯುತ್ತದೆ. ಕೋಡ್ ಸರಿಯಾಗಿಯೇ ಇದ್ದು ಪಕ್ಕದಲ್ಲಿ ಪೆನ್ನು ಜಾರಿದ ಗೀರು ಮಾತ್ರ ಇದ್ದರೆ ಗೀರಿಗೆ ಬಣ್ಣ ತುಂಬಿ, ಕೋಡಿಗೆ ಬರಿಯ ಲ್ಯಾಕರ್ ಹಚ್ಚಿ. ಅಕ್ಷರಗಳು ತುಂಬಿಹೋಗದಷ್ಟು ತೆಳುವಾಗಿರಲಿ.

ಜರ್ಮನಿಯಲ್ಲಿರುವ ಓದುಗರಿಗೆ ಒಂದು ಮಾತು. ಅಲ್ಲಿನ ಸೈಕಲ್ ಸವಾರರ ಸಂಘವಾದ ಎಡಿಎಫ್‌ಸಿ ಮುಂತಾದವರು ಹಾಕುವ ಕೋಡಿನಲ್ಲಿ ಜಿಲ್ಲೆಯ ಅಕ್ಷರ, ಊರು ಮತ್ತು ಬೀದಿಯ ಸಂಖ್ಯೆ, ಮನೆಯ ಸಂಖ್ಯೆ, ಮಾಲೀಕರ ಹೆಸರಿನ ಮೊದಲಕ್ಷರಗಳು ಅಡಗಿರುತ್ತವೆ. ಆದ್ದರಿಂದ ಅಲ್ಲಿ ಒಂದು ಅಂಕಿ ತಪ್ಪಿದರೆ ಸೈಕಲ್ ಬೇರೆ ಮನೆಗೆ ಸೇರಿದ್ದೆಂದು ಸೂಚಿಸುತ್ತದೆ. ಬ್ರಿಟನ್ನಿನ ಕೋಡಿನಂತೆ ದಾಖಲೆಯಲ್ಲಿ ತಿದ್ದಿದರೆ ಇದು ಸರಿಹೋಗುವುದಿಲ್ಲ. ಕೋಡ್ ಹಾಕಿದವರಿಂದಲೇ ಹೊಸದನ್ನು ಹಾಕಿಸಿ, ಎರಡಕ್ಕೂ ಸಂಬಂಧಿಸಿದ ಕಾಗದವನ್ನು ಇಟ್ಟುಕೊಳ್ಳಬೇಕು.

ಕಾರ್ಬನ್ ಫ್ರೇಮ್

ಕಾರ್ಬನ್ ಫ್ರೇಮನ್ನು ಯಾರಾದರೂ ಕೊರೆದಿದ್ದರೆ ಅದು ಕೆಟ್ಟ ಗುರುತಲ್ಲ, ಪೆಟ್ಟು. ಲ್ಯಾಕರಿನ ಕೆಳಗೆ ಕಪ್ಪು ಎಳೆಗಳು ಕಂಡರೆ, ಅವು ಕತ್ತರಿಸಿ ನಾರಿನಂತೆ ಎದ್ದಿದ್ದರೆ, ಕಾರ್ಬನ್ ದುರಸ್ತಿ ಮಾಡುವವರಿಗೆ ತೋರಿಸದೆ ಬೇರೆ ದಾರಿಯಿಲ್ಲ. ಲ್ಯಾಕರಿನಲ್ಲೇ ನಿಂತಿರುವ ಮಸಿಯನ್ನು ಮೇಲೆ ಹೇಳಿದಂತೆ ನೀರಿನಲ್ಲಿ ಅದ್ದಿದ ಕಾಗದದಿಂದ ತಿದ್ದಬಹುದಾದರೂ, ಒಣ ಕಾಗದದಿಂದ ಉಜ್ಜಿ ಧೂಳೆಬ್ಬಿಸಬಾರದು. ಆ ಧೂಳು ಶ್ವಾಸಕೋಶಕ್ಕೂ ಚರ್ಮಕ್ಕೂ ಒಳ್ಳೆಯದಲ್ಲ. ಕಾರ್ಬನ್ನಿಗೆ ಸ್ಟಿಕ್ಕರ್ ಅಥವಾ ಕಾರ್ಬನ್ನಿಗೆ ಸೂಕ್ತವೆಂದು ಕಿಟ್‌ನ ಮೇಲೆಯೇ ಬರೆದಿರುವ ಸ್ಟೆನ್ಸಿಲ್, ಇವೆರಡೇ ಸಾಕು.

ಹೊಸ ಗುರುತು ಹಾಕುವಾಗ

ಹಳೆಯ ಗುರುತು ಓದಲಾಗದಷ್ಟು ಕೆಟ್ಟಿದ್ದರೆ, ಅದನ್ನು ಅಲ್ಲಿಯೇ ಬಿಟ್ಟು ಬೇರೊಂದು ಜಾಗದಲ್ಲಿ ಎರಡನೆಯ ಗುರುತು ಹಾಕುವುದು ನಾನು ಕಂಡಂತೆ ಅತ್ಯಂತ ಕಡಿಮೆ ತಲೆನೋವಿನ ಪರಿಹಾರ. ಅದೇ ಜಾಗದಲ್ಲಿ ಒಂದರ ಮೇಲೊಂದು ಹಾಕಿದರೆ ಎರಡೂ ಹಾಳು. ಬದಲಿ ಸ್ಟೆನ್ಸಿಲ್ ಕೊಡುವಿರಾ ಎಂದು ನೋಂದಣಿ ಸಂಸ್ಥೆಯನ್ನು ಕೇಳಿ ನೋಡಿ. ಕೋಡ್ ಹೊಸದಾದರೆ ಹಳೆಯದನ್ನೂ ದಾಖಲೆಯಲ್ಲಿ ಉಳಿಸಿಕೊಳ್ಳುವಂತೆ ಸ್ಪಷ್ಟವಾಗಿ ಬರೆಯಿರಿ.

ಜಾಗದ ಆಯ್ಕೆಯಲ್ಲಿಯೇ ಅರ್ಧ ಕೆಲಸ ಮುಗಿಯುತ್ತದೆ. ದೊಡ್ಡ ಯು ಆಕಾರದ ಬೀಗವನ್ನು ಫ್ರೇಮಿಗೆ ತೂಗುಹಾಕುವವರ ಸೀಟ್ ಟ್ಯೂಬಿನ ಮೇಲೆ ಬೀಗ ಬಡಿದು ಬಡಿದು ಅಕ್ಷರ ಸವೆಯುತ್ತದೆ. ನೀರಿನ ಬಾಟಲಿಯ ಪಂಜರ ಕೋಡನ್ನು ಮರೆಮಾಡುತ್ತದೆ. ದುರಸ್ತಿಯ ಸ್ಟ್ಯಾಂಡಿನ ಹಿಡಿ ಕಚ್ಚುವ ಜಾಗ, ಕೇಬಲ್ ಉಜ್ಜುವ ಜಾಗ, ಬೆಸುಗೆಯ ಉಬ್ಬು, ಸವಾರನ ಮೊಣಕಾಲು ತಾಗುವ ಮೇಲಿನ ಅಡ್ಡ ಕೊಳವೆಯಾದ ಟಾಪ್ ಟ್ಯೂಬ್, ಇವನ್ನೆಲ್ಲ ಬಿಟ್ಟರೆ ಸೀಟ್ ಟ್ಯೂಬಿನ ಕೆಳಭಾಗ ಅಥವಾ ಡೌನ್ ಟ್ಯೂಬಿನ ಬದಿ ಉಳಿಯುತ್ತದೆ. ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಹಾಕಿದರೆ ಕಳ್ಳನನ್ನು ಹಿಂಜರಿಯುವಂತೆ ಮಾಡುವ ಉದ್ದೇಶ ಉಳಿಯುವುದಿಲ್ಲ ಎಂಬುದೂ ನೆನಪಿರಲಿ.

ಫ್ರೇಮ್ ಒಣಗಿರಬೇಕು ಮತ್ತು ಕೋಣೆಯ ಉಷ್ಣತೆಯಲ್ಲಿರಬೇಕು; ಹೊರಗಿನ ಚಳಿಯಿಂದ ಆಗತಾನೇ ಒಳತಂದ ಲೋಹದ ಮೇಲೆ ಕಣ್ಣಿಗೆ ಕಾಣದ ತೇವ ಕೂತಿರುತ್ತದೆ, ಮಸಿ ಹರಡುವುದಕ್ಕೆ ಅದೇ ಸಾಕು. ಆಲ್ಕೊಹಾಲಿನಿಂದ ಒರೆಸಿ, ಮತ್ತೆ ಬೆರಳು ತಾಗಿಸದೆ ಸ್ಟೆನ್ಸಿಲ್ ಅಂಟಿಸಿ, ಪ್ರತಿ ಅಕ್ಷರದ ಅಂಚನ್ನೂ ಹಳೆಯ ಎಟಿಎಂ ಕಾರ್ಡಿನ ಬದಿಯಿಂದ ಒತ್ತಿ. ಮಸಿಯನ್ನು ಬಳಿಯಬೇಡಿ, ತಟ್ಟಿ. ಬಳಿದರೆ ಅದು ಹಾಳೆಯ ಅಡಿಗೆ ನುಗ್ಗುತ್ತದೆ. ಬೇಗ ಕಪ್ಪಾಗಲೆಂದು ಹೆಚ್ಚು ಮಸಿ ಹಾಕುವುದರಿಂದಲೇ ಬಹುಪಾಲು ಗುರುತುಗಳು ಕೆಡುತ್ತವೆ. ಸೂಚನೆಯಲ್ಲಿ ಹೇಳಿದಷ್ಟು ಹೊತ್ತು ಕಾದು, ಹಾಳೆಯನ್ನು ಒಂದು ತುದಿಯಿಂದ ಹಿಂದಕ್ಕೆ ಮಡಚಿಕೊಂಡು ನಿಧಾನವಾಗಿ ಎಳೆಯಿರಿ, ಪಕ್ಕಕ್ಕೆ ಎಳೆಯಬೇಡಿ.

ಕಾಗದಪತ್ರ, ವಿಮೆ, ಮಾರಾಟ

ಶಿಬಿರದಲ್ಲೋ ಅಂಗಡಿಯಲ್ಲೋ ಬೇರೆಯವರ ಕೈಯಿಂದ ಗುರುತು ಕೆಟ್ಟಿದ್ದರೆ, ದಿನಾಂಕ, ಸ್ಥಳ ಮತ್ತು ಫೋಟೊಗಳೊಂದಿಗೆ ಅವರಿಗೊಂದು ಸೌಮ್ಯವಾದ ಪತ್ರ ಬರೆದು, ಬದಲಿ ಕಿಟ್ ಅಥವಾ ಬಣ್ಣದ ದುರಸ್ತಿ ಕೇಳುವುದರಲ್ಲಿ ತಪ್ಪೇನಿಲ್ಲ. ಉಚಿತವಾಗಿ ಮಾಡಿದವರನ್ನು ಹೇಗೆ ಕೇಳುವುದು ಎಂದು ನಮ್ಮವರು ಸಂಕೋಚಪಡುವುದುಂಟು. ಪರಿಹಾರ ಸಿಗದಿದ್ದರೂ ಆ ಪತ್ರಕ್ಕೆ ಬರುವ ಉತ್ತರವೇ, ಗುರುತು ಕೆಟ್ಟದ್ದು ಹೇಗೆಂಬುದಕ್ಕೆ ನಿಮ್ಮ ಬಳಿ ಉಳಿಯುವ ಪುರಾವೆ. ಫ್ರೇಮಿಗೆ ತಯಾರಕರ ವಾರಂಟಿ ಇದ್ದರೆ ಕೊರೆಸುವ ಅಥವಾ ಉಜ್ಜಿಸುವ ಮುನ್ನ ಅದರ ಷರತ್ತು ಓದಿಕೊಳ್ಳಿ. ವಿಮೆ ಇದ್ದರೆ ಹೊಸ ಕೋಡನ್ನು ಕಂಪನಿಗೂ ತಿಳಿಸಿ.

ಫ್ರೇಮಿಗೆ ಹೊಸದಾಗಿ ಪೌಡರ್ ಕೋಟಿಂಗ್, ಅಂದರೆ ಪುಡಿಬಣ್ಣವನ್ನು ಕಾಯಿಸಿ ಕೂರಿಸುವ ಲೇಪನ, ಮಾಡಿಸುವವರು ಕೆಲಸಕ್ಕೆ ಕೊಡುವ ಮೊದಲೇ ಫ್ರೇಮ್ ಸಂಖ್ಯೆಯ ಪೆನ್ಸಿಲ್ ಪಡಿಯಚ್ಚು ತೆಗೆದಿಟ್ಟುಕೊಳ್ಳಬೇಕು, ಆ ಜಾಗವನ್ನು ಟೇಪಿನಿಂದ ಮುಚ್ಚುವಂತೆ ಕೇಳಬೇಕು; ಆ ದಪ್ಪ ಲೇಪನ ಆಳವಿಲ್ಲದ ಸಂಖ್ಯೆಯನ್ನು ಪೂರ್ತಿ ತುಂಬಿಬಿಡುತ್ತದೆ. ಮೇಲಿನ ಭದ್ರತಾ ಗುರುತಂತೂ ಮರಳು ಊದಿ ಹಳೆಯ ಬಣ್ಣ ತೆಗೆಯುವಾಗಲೇ ಹೋಗಿರುತ್ತದೆ, ಆದ್ದರಿಂದ ಸೈಕಲ್ ವಾಪಸು ಬಂದ ದಿನವೇ ಹೊಸ ಗುರುತು ಹಾಕಿ ದಾಖಲೆಗೆ ಸೇರಿಸಬೇಕು.

ಬಳಸಿದ ಸೈಕಲ್ ಕೊಳ್ಳುವಾಗ ಉಜ್ಜಿದ, ಕೆರೆದ ಅಥವಾ ತಿದ್ದಿದ ಗುರುತು ಕಂಡರೆ ಹಣ ಕೊಡುವ ಮುನ್ನ ಬೈಕ್‌ರಿಜಿಸ್ಟರಿನ ಬೈಕ್‌ಚೆಕರ್ ಸೌಲಭ್ಯದಲ್ಲಿ ಫ್ರೇಮ್ ಸಂಖ್ಯೆಯನ್ನೂ ಕೋಡನ್ನೂ ಹಾಕಿ ನೋಡಿ. ಕಳುವಾದದ್ದೆಂದು ತೋರಿದರೆ ಕೊಳ್ಳದೆ, ತುರ್ತಲ್ಲದ ದೂರುಗಳ ಪೊಲೀಸ್ ಸಂಖ್ಯೆಯಾದ 101ಕ್ಕೆ ಕರೆಮಾಡಿ ಪೊಲೀಸರಿಗೆ ತಿಳಿಸಬೇಕು. ಹಿಂದಿನ ಮಾಲೀಕರ ಗುರುತು ನೆಟ್ಟಗಿದ್ದು ಮಾರಾಟವೂ ಪ್ರಾಮಾಣಿಕವಾಗಿದ್ದರೆ ಆ ಗುರುತನ್ನು ಅಳಿಸುವ ಅಗತ್ಯವಿಲ್ಲ, ಅವರ ಖಾತೆಯಿಂದ ನಿಮ್ಮ ಖಾತೆಗೆ ವರ್ಗಾಯಿಸಿಕೊಂಡರೆ ಆಯಿತು. ನೀವೇ ಮಾರುವಾಗಲೂ ಹೀಗೆಯೇ: ಕೆಟ್ಟ ಗುರುತಿನ ಫೋಟೊವನ್ನು ಜಾಹೀರಾತಿನಲ್ಲೇ ಹಾಕಿ, ದಾಖಲೆಯ ವರ್ಗಾವಣೆಯನ್ನು ಹಣ ಕೈಸೇರಿದ ಹೊತ್ತಿನಲ್ಲೇ, ಕೊಂಡವರ ಎದುರಿಗೇ ಮುಗಿಸಿಕೊಡಿ.